ಹಿಂದಿನ ಹಲಗೆಯ ದೊಡ್ಡಮ್ಮ

ಫೆಬ್ರವರಿ ಒಂಬತ್ತು, ಭಾನುವಾರ, ಬೆಳಿಗ್ಗೆ ಆರು ಗಂಟೆ ನಲವತ್ತು ನಿಮಿಷಕ್ಕೆ ಭಾಗೀರಥಿ ದೊಡ್ಡಮ್ಮ ನಮ್ಮ ದೋಣಿಮನೆಯ ಮರದ ಮೆಟ್ಟಿಲು ಇಳಿದು ಬಂದರು. ಮೂರನೆಯ ಮೆಟ್ಟಿಲು ಕಿರುಗುಟ್ಟಲಿಲ್ಲ. ಬಿಚ್ಚಿಟ್ಟ ಕಾರ್ಬ್ಯುರೇಟರಿನ ಮುಂದೆ ಕೂತು ಸೀಮೆಎಣ್ಣೆಯಲ್ಲಿ ಬ್ರಷ್ಷು ಅದ್ದುತ್ತಿದ್ದ ನಾನು ತಲೆ ಎತ್ತಿ ನೋಡಿದೆ. ನನಗೆ ಬುದ್ಧಿ ಬಂದಾಗಿನಿಂದ ಆ ಮೆಟ್ಟಿಲು ದೊಡ್ಡಮ್ಮನ ಕಾಲಿಗೆ ಅಳದೆ ಇದ್ದದ್ದಿಲ್ಲ.

"ಮಂದಾ, ನಿನ್ನತ್ರ ಒಂದು ವಿಷಯ ಹೇಳ್ಲಿಕ್ಕುಂಟು," ಎಂದರು. "ನಗಬಾರದು ಮತ್ತೆ."

"ಇಲ್ಲ, ಹೇಳಿ."

"ನಾನು ಮದುವೆ ಆಗ್ತೇನೆ."

ಬ್ರಷ್ಷು ಕೈಯಿಂದ ಜಾರಿ ಡಬ್ಬಿಯೊಳಗೆ ಬಿತ್ತು. ನನಗೆ ಆ ಕ್ಷಣ ಮೊದಲು ಹೊಳೆದದ್ದು, ಹೇಳಲಿಕ್ಕೆ ನಾಚಿಕೆಯಾಗುತ್ತದೆ, ಮೋಟಾರಿನ ವಿಷಯ. ಎರಡು ವರ್ಷದಿಂದ ನಮ್ಮ ದೋಣಿ ಮದುವೆಗೆ ಹೋದಾಗೆಲ್ಲ ಸ್ವಲ್ಪ ಸ್ವಲ್ಪವೇ ನಿಧಾನವಾಗುತ್ತ ಬಂದಿತ್ತು. ಪ್ಲಗ್ಗು ಬದಲಿಸಿದ್ದೆ, ಪೆಟ್ರೋಲ್ ಟ್ಯಾಂಕು ತೊಳೆದಿದ್ದೆ, ಹೊಸ ಫ್ಯಾನು ಹಾಕಿದ್ದೆ. ಪ್ರೊಪೆಲ್ಲರಿಗೆ ನಮ್ಮ ಕಡೆ ಫ್ಯಾನು ಎನ್ನುತ್ತಾರೆ. ಏನು ಮಾಡಿದರೂ ಮುಂದಿನ ಮದುವೆಗೆ ಮೋಟಾರು ಇನ್ನಷ್ಟು ಕಿರುಚುತ್ತಿತ್ತು, ದೋಣಿ ಇನ್ನಷ್ಟು ತೆವಳುತ್ತಿತ್ತು. ದೋಷ ಮೋಟಾರಿನೊಳಗೆ ಸಿಗದೆ ಇದ್ದದ್ದು ಯಾಕೆಂದು ಸದ್ದು ಮಾಡದ ಮೆಟ್ಟಿಲನ್ನು ನೋಡಿ ತಿಳಿಯಿತು.

ನಮ್ಮ ಊರಿನಲ್ಲಿ ಖುಷಿಯಾದವರು ಹಗುರಾಗುತ್ತಾರೆ, ಬೇಸರವಾದವರು ಭಾರವಾಗುತ್ತಾರೆ. ತಕ್ಕಡಿಗೆ ಹತ್ತಿಸಿದರೆ ಕಾಣುತ್ತದೆ. ನಾನು ಭೌತಶಾಸ್ತ್ರ ಕಲಿಸುವ ಕಾಲೇಜಿನಲ್ಲಿ ಫಲಿತಾಂಶದ ದಿನ ಮೇಲಿನ ಮಹಡಿಯ ಕಿಟಕಿಗಳನ್ನು ಮುಚ್ಚಿಸುತ್ತಾರೆ. ಡಾಕ್ಟರು ತೂಕ ನೋಡುವ ಮೊದಲು "ಮನೆಯಲ್ಲಿ ಎಲ್ಲ ಸೌಖ್ಯವಾ?" ಎಂದು ವಿಚಾರಿಸುತ್ತಾರೆ. ತೊಟ್ಟಿಲ ಮಕ್ಕಳ ಉಡಿದಾರಕ್ಕೆ ಬಲೆಯ ಸೀಸದ ಗುಂಡು ಕಟ್ಟುವುದು ವಾಡಿಕೆ. ಇದೆಲ್ಲ ನಮಗೆ ಮಳೆ ಬಂದರೆ ಕೊಡೆ ಬಿಡಿಸಿದ ಹಾಗೆ. ಯಾರೂ ಯೋಚಿಸಲಿಕ್ಕೆ ಹೋಗುವುದಿಲ್ಲ.

ಕಷ್ಟವೆಲ್ಲ ಮದುವೆ ದೋಣಿಗೆ. ನಮ್ಮ ಹೊಳೆಯ ನಡುವೆ ಒಂದು ದೊಡ್ಡ ಕುದ್ರು ಇದೆ, ಸುತ್ತ ನೀರಿರುವ ನೆಲ. ಅಲ್ಲಿಗೆ ಹೆಣ್ಣು ಕೊಡುವುದು, ಅಲ್ಲಿಂದ ತರುವುದು ಹಿಂದಿನಿಂದಲೂ ಉಂಟು. ದಿಬ್ಬಣದವರು ಹತ್ತಿ ಕೂತು ಹಾಡು ಶುರುಮಾಡಿದರೆಂದರೆ ದೋಣಿ ನೀರಿನಿಂದ ಮೇಲೇಳುತ್ತದೆ. ದೋಣಿಯ ಜೊತೆಗೆ ಮೋಟಾರೂ ಏಳುತ್ತದೆ, ಫ್ಯಾನು ನೀರಿನ ಬದಲು ಗಾಳಿಯನ್ನು ಕಡೆಯತೊಡಗುತ್ತದೆ. ಸದ್ದು ಮಾತ್ರ ವಿಮಾನದ್ದು, ದೋಣಿ ನಿಂತಲ್ಲೇ ನಿಂತಿರುತ್ತದೆ. ಭಾರಕ್ಕೆ ಕಲ್ಲು ಹಾಕೋಣವೆಂದರೆ ಕಲ್ಲು ಹಾಕುವುದು ಬೂದಿ ಬಿಡಲು ಹೋಗುವ ದೋಣಿಗೆ. ಅಕ್ಕಿ ಮೂಟೆ ಇಡೋಣವೆಂದರೆ ಗಂಡಿನ ಮನೆಯಲ್ಲಿ ಅನ್ನವಿಲ್ಲ ಎಂದು ಸಾರಿದ ಹಾಗಾಗುತ್ತದೆ. ಆದ್ದರಿಂದ ಹಿಂದಿನ ಹಲಗೆಯ ಮೇಲೆ, ಮೋಟಾರಿನ ಪಕ್ಕದಲ್ಲಿ, ಒಬ್ಬರು ದುಃಖದವರನ್ನು ಕೂರಿಸುವುದು ಪದ್ಧತಿ. ಅವರಿಗೆ ಭಾರದವರು ಎಂದು ಹೆಸರು. ಮದುವೆಯ ಮೊದಲ ಸೀರೆ ಅವರಿಗೆ, ಮೊದಲ ಎಲೆ ಅವರಿಗೆ.

ಇಪ್ಪತ್ತೆರಡು ವರ್ಷದಿಂದ ನಮ್ಮ ದೋಣಿಯ ಭಾರದವರು ಭಾಗೀರಥಿ ದೊಡ್ಡಮ್ಮ. ಮದುವೆಯಾದ ಎರಡನೆಯ ವರ್ಷವೇ ಗಂಡನನ್ನು ಕಳೆದುಕೊಂಡವರು. ಅವರು ಹಿಂದಿನ ಹಲಗೆಯಲ್ಲಿ ಕೂತರೆ ದೋಣಿ ಎಮ್ಮೆಯ ಹಾಗೆ ನೀರಿಗೆ ಒರಗುತ್ತಿತ್ತು. ಊರಿನವರಿಗೆ ಅವರ ಮೇಲೆ ಬಹಳ ಪ್ರೀತಿ. ಅದಕ್ಕೇ ಅವರ ಎದುರು ಯಾರೂ ತಮಾಷೆಯ ಮಾತಾಡುತ್ತಿರಲಿಲ್ಲ.

"ಗಂಡು ಯಾರು?" ಎಂದು ಕೇಳಿದೆ.

"ತಕ್ಕಡಿ ಸಂಜೀವಣ್ಣ."

ಕುದ್ರಿನ ಕಟ್ಟೆಯಲ್ಲಿ ಮೀನು ತೂಗುವ ದೊಡ್ಡ ಮುಳ್ಳಿನ ತಕ್ಕಡಿ ನೇತಾಡುತ್ತದೆ. ಅದರ ಉಸ್ತುವಾರಿ ಸಂಜೀವಣ್ಣನದು. ಅರವತ್ತರ ಹತ್ತಿರದವರು, ಮದುವೆಯಾಗದವರು, ಮೀನಿಗೆ ನೂರು ಗ್ರಾಂ ಕೂಡ ಹೆಚ್ಚುಕಡಿಮೆ ಹೇಳಿದವರಲ್ಲ. ದಿಬ್ಬಣ ಬಂದಾಗ ಮೊದಲು ಭಾರದವರನ್ನು ತೂಗಿ ಅಂಕಿ ಕೂಗುತ್ತಾರೆ, ದೋಣಿ ಕ್ರಮವಾಗಿ ಬಂದಿತು ಎಂಬುದಕ್ಕೆ. ಆಮೇಲೆ ಮದುಮಗಳನ್ನು ತೂಗುತ್ತಾರೆ. ನಮ್ಮ ದಡದಲ್ಲಿ ತೂಗಿದ್ದಕ್ಕಿಂತ ಅವಳು ಅಲ್ಲಿ ಹೆಚ್ಚು ತೂಗಿದರೆ ಹೆಣ್ಣಿಗೆ ಮನಸ್ಸಿಲ್ಲ ಎಂದು ಅರ್ಥ. ದೋಣಿಯನ್ನು ಅಲ್ಲಿಂದಲೇ ತಿರುಗಿಸಬೇಕು. ನನ್ನ ಕಾಲದಲ್ಲಿ ಎರಡು ಸಲ ತಿರುಗಿಸಿದ್ದಾರೆ.

"ಸಂಜೀವಣ್ಣ ಪ್ರತಿ ಸಲ ನಿಮ್ಮದು ಎಂಬತ್ತನಾಲ್ಕು ಅಂತ ಕೂಗ್ತಾರಲ್ಲ ದೊಡ್ಡಮ್ಮ. ಮೊನ್ನೆಯ ಮದುವೆಗೂ ಕೂಗಿದ್ರು."

ದೊಡ್ಡಮ್ಮ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು. "ಮೊನ್ನೆ ಅರವತ್ತೊಂದು ಇತ್ತಂತೆ."

"ಮತ್ತೆ ಸುಳ್ಳು ಯಾಕೆ ಕೂಗಿದ್ದು?"

"ನಿಜ ಕೂಗಿದ್ರೆ ಮುಂದಿನ ಸಲ ಬೇರೆಯವರನ್ನು ಕೂರಿಸ್ತಿದ್ರಲ್ಲ. ಆಮೇಲೆ ನಾನು ಕುದ್ರಿಗೆ ಹೋಗುವುದು ಹೇಗೆ?"

ನಗುವುದಿಲ್ಲ ಎಂದು ಕೊಟ್ಟ ಮಾತು ಅಲ್ಲಿಗೆ ಮುಗಿಯಿತು. ಇಬ್ಬರೂ ಎಷ್ಟು ನಕ್ಕೆವೆಂದರೆ ನಾನು ಕೂತಿದ್ದ ಮಣೆ ನನ್ನ ಕೆಳಗಿನಿಂದ ಸರಿದುಹೋಯಿತು.

ಸುದ್ದಿ ಮಧ್ಯಾಹ್ನದ ಊಟದ ಹೊತ್ತಿಗೆ ಊರೆಲ್ಲ ಹರಡಿತು. ಎಲ್ಲರಿಗೂ ಸಂತೋಷ, ಸಂತೋಷದ ಬೆನ್ನಿಗೇ ಚಿಂತೆ. ಭಾರದವರೇ ಮದುಮಗಳಾದರೆ ಹಿಂದಿನ ಹಲಗೆಯಲ್ಲಿ ಕೂರುವವರು ಯಾರು? ಮದುವೆ ದೋಣಿಗಳ ಮುಖ್ಯಸ್ಥ ವೆಂಕಪ್ಪಣ್ಣ ಸಾಯಂಕಾಲ ನಮ್ಮ ಜಗಲಿಗೆ ಬಂದು ಕೂತ. ಹೊಟ್ಟೆನೋವಿನ ಮನುಷ್ಯ, ಮಜ್ಜಿಗೆ ಬಿಟ್ಟರೆ ಏನೂ ಇಳಿಯದು.

"ನೀವೇ ಕೂತ್ಕೊಳ್ಳಿ ವೆಂಕಪ್ಪಣ್ಣ," ಎಂದರು ಅಪ್ಪ. "ನಿಮ್ಮಷ್ಟು ಸಪ್ಪೆ ಮುಖದವರು ಊರಲ್ಲಿ ಬೇರೆ ಯಾರಿದ್ದಾರೆ?"

"ಅದನ್ನೂ ನೋಡಿ ಆಯ್ತು ಮಾರಾಯ್ರೆ. ಅಕ್ಕಿ ಅಂಗಡಿಯ ತಕ್ಕಡಿ ಹತ್ತಿದೆ. ಭಾಗೀರಥಿಯಕ್ಕ ಮದುಮಗಳಾಗಿ ಬಾಸಿಂಗ ಕಟ್ಟುವುದು ನೆನಪಾಯ್ತು ನೋಡಿ, ಹದಿನೆಂಟು ಕಿಲೋ ಇಳಿದುಬಿಟ್ಟಿತು. ಹೊಟ್ಟೆನೋವು ಕೂಡ ಕೈಕೊಟ್ಟಿತು."

ಇನ್ನೂ ನಾಲ್ಕಾರು ಜನರನ್ನು ಹತ್ತಿಸಿ ನೋಡಿದರು. ಕೋರ್ಟು ಕೇಸು ಸೋತವರು, ಸೊಸೆಯ ಜೊತೆ ಮಾತು ಬಿಟ್ಟವರು, ಹಲ್ಲುನೋವಿನವರು. ದೊಡ್ಡಮ್ಮನ ಮದುವೆ ಎಂದ ಕೂಡಲೇ ಎಲ್ಲರ ಮುಳ್ಳೂ ಹಿಂದಕ್ಕೆ ಬಂತು. ಕೊನೆಗೆ ವೆಂಕಪ್ಪಣ್ಣ ಗಂಟಲು ಸರಿಮಾಡಿಕೊಂಡ.

"ಅಕ್ಕನೇ ಒಂದು ಅರ್ಧ ಗಂಟೆ ಸ್ವಲ್ಪ ಬೇಸರ ಮಾಡ್ಕೊಂಡ್ರೆ ಹೇಗೆ? ಹೊಳೆ ದಾಟುವಷ್ಟು ಹೊತ್ತು ಮಾತ್ರ."

"ಆಗ್ಬಹುದು," ಎಂದರು ದೊಡ್ಡಮ್ಮ ಒಳಗಿನಿಂದ. "ನನಗೆ ಅಭ್ಯಾಸ ಉಂಟಲ್ಲ."

ಅವರು ಅದನ್ನು ಉಪ್ಪಿನಕಾಯಿ ಬಡಿಸುವವರ ಧ್ವನಿಯಲ್ಲಿ ಹೇಳಿದ್ದೇ ನನಗೆ ತಡೆಯಲಾಗಲಿಲ್ಲ. "ಆಗುವುದಿಲ್ಲ," ಎಂದೆ. "ಆ ಬೇಸರ ಕುದ್ರಿನ ಕಟ್ಟೆ ಮುಟ್ಟುವ ಹೊತ್ತಿಗೆ ಇಳಿಯದೆ ಹೋದರೆ? ತಕ್ಕಡಿಯಲ್ಲಿ ಇಲ್ಲಿಗಿಂತ ಹೆಚ್ಚು ತೋರಿಸಿದರೆ ದೋಣಿ ತಿರುಗಿಸುವವರೂ ನೀವೇ ಅಲ್ವಾ? ಆ ದಿನ ದೊಡ್ಡಮ್ಮನ ಹತ್ತಿರ ಯಾರೂ ಬೇಸರ ಕೇಳಬಾರದು. ನಾನು ಮೋಟಾರನ್ನು ಸರಿಮಾಡ್ತೇನೆ."

"ಮೋಟಾರಿಗೆ ಬೇಸರ ಬರಿಸ್ತೀಯಾ ಮಾರಾಯ್ತಿ?" ಎಂದು ವೆಂಕಪ್ಪಣ್ಣ ನಕ್ಕ. ಪಕ್ಕದಲ್ಲಿದ್ದ ಮಜ್ಜಿಗೆಯ ಲೋಟ ಹಿಡಿದುಕೊಂಡು ಜಗಲಿಯಿಂದ ಒಂದು ಗೇಣು ಮೇಲೆ ಜಿಗಿದ ಹಾಗೆ ಎದ್ದ.

ದೋಣಿಯ ಹಿಂದಿನ ಹಲಗೆಗೆ ಮೋಟಾರನ್ನು ಎಷ್ಟು ಎತ್ತರಕ್ಕೆ ಕಚ್ಚಿಸಬೇಕು ಎಂಬುದಕ್ಕೆ ಒಂದು ಲೆಕ್ಕ ಇದೆ. ಫ್ಯಾನಿನ ಮೇಲೆ ಅಂಗೈಯಂಥ ಒಂದು ತಟ್ಟೆ ಇರುತ್ತದೆ. ಅದು ದೋಣಿಯ ತಳಕ್ಕಿಂತ ಒಂದು ಬೆರಳು ಕೆಳಗಿದ್ದರೆ ಚೆನ್ನ. ಮೇಲಾದರೆ ಫ್ಯಾನು ಗಾಳಿ ಹೀರುತ್ತದೆ; ತೀರ ಕೆಳಗಾದರೆ ಮೋಟಾರಿನ ಕಾಲೇ ನೀರಿಗೆ ಅಡ್ಡವಾಗಿ ದೋಣಿಯನ್ನು ಹಿಡಿದೆಳೆಯುತ್ತದೆ. ಇದು ಒಂದೇ ತೂಕದಲ್ಲಿ ಇರುವ ದೋಣಿಯ ಲೆಕ್ಕ. ಹಾಡಿನಿಂದ ಹಾಡಿಗೆ ತೂಕ ಬದಲಾಗುವ ದೋಣಿಗೆ ಮೋಟಾರು ಕೂತಲ್ಲೇ ಏರಿ ಇಳಿಯುವಂತಿರಬೇಕು. ಎರಡು ಕಬ್ಬಿಣದ ತಗಡು ಕೊಯ್ಯಿಸಿ, ಒಂದು ಇನ್ನೊಂದರ ಮೇಲೆ ಜಾರುವ ಹಾಗೆ ಮಾಡಿದೆ. ಜಾರಿಸಲು ಗಟ್ಟಿಯಾದ ಉದ್ದನೆಯ ಸ್ಕ್ರೂ ಬೇಕಿತ್ತು. ದೊಡ್ಡಮ್ಮ ಸ್ಕ್ರೂ ತಿರುಗಿಸಿ ಒತ್ತುವ ತಮ್ಮ ಶಾವಿಗೆ ಒರಳನ್ನೇ ಹೊತ್ತು ತಂದರು.

"ಇದು ನಿನಗೆ," ಎಂದರು. "ಅವರ ಮನೆಯಲ್ಲಿ ಇನ್ನೊಂದು ಉಂಟು. ತೂಗಿ ನೋಡಿದ್ದಾರೆ, ಇದಕ್ಕಿಂತ ಗಟ್ಟಿಯಂತೆ."

ಶಾವಿಗೆ ಒರಳಿನ ಸ್ಕ್ರೂವಿನಷ್ಟು ನಂಬಿಗಸ್ತ ವಸ್ತುವನ್ನು ನಮ್ಮ ಪ್ರಯೋಗಾಲಯದಲ್ಲೂ ನಾನು ಕಂಡಿಲ್ಲ. ಹಿಡಿ ತಿರುಗಿಸಿದರೆ ಮೋಟಾರು ಇಳಿಯಿತು, ಹಿಂದಕ್ಕೆ ತಿರುಗಿಸಿದರೆ ಏರಿತು. ಅಪ್ಪ ಅದನ್ನು ಹತ್ತು ಸಲ ಏರಿಸಿ ಇಳಿಸಿ, ಕೆಳಗೆ ಶಾವಿಗೆ ಬರುತ್ತದಾ ಎಂದು ಬಗ್ಗಿ ನೋಡಿದರು.

ಆಮೇಲೆ ಪರೀಕ್ಷೆ. ಖುಷಿಯ ಜನ ಬೇಕಲ್ಲ, ಹಪ್ಪಳ ಸಂಘದ ಹೆಂಗಸರನ್ನು ಕರೆದೆ. ಅವರು ದೋಣಿ ಹತ್ತುವಾಗಲೇ ಒಬ್ಬರನ್ನೊಬ್ಬರು ತಿವಿದುಕೊಂಡು ನಗುತ್ತಿದ್ದರು. ನಾನು ಹಿಂದಿನ ಹಲಗೆಯಲ್ಲಿ ಕೂತು, ಒಂದು ಕೈಯಲ್ಲಿ ಚುಕ್ಕಾಣಿ, ಇನ್ನೊಂದರಲ್ಲಿ ಒರಳಿನ ಹಿಡಿ ಹಿಡಿದು, ತಟ್ಟೆ ನೀರೊಳಗೆ ಎಲ್ಲಿದೆ, ಫ್ಯಾನು ಎಲ್ಲಿ ಗಾಳಿ ಹಿಡಿಯುತ್ತದೆ ಎಂದು ಒಂದೊಂದು ಸುತ್ತಿಗೂ ನೋಡಿದೆ. ಮೋಟಾರಿನ ಓರೆಯನ್ನು ನಿರ್ಧರಿಸುವ ಪಿನ್ನನ್ನು ಒಂದು ತೂತು ಒಳಕ್ಕೆ ಹಾಕಿದೆ. ದೋಣಿಯ ಮೂತಿ ಆಕಾಶ ನೋಡುವುದು ನಿಂತಿತು. ಅವರು ಅತ್ತೆಯಂದಿರ ಕಥೆ ಹೇಳಿ ಅತ್ಯಂತ ಹಗುರಾದ ಕ್ಷಣದಲ್ಲಿ ಫ್ಯಾನು ಎಲ್ಲಿ ಸರಿಯಾಗಿ ನೀರು ಕಚ್ಚಿತೋ ಅಲ್ಲಿ ಉಗುರುಬಣ್ಣದ ಗೆರೆ ಎಳೆದೆ. ಅದಕ್ಕಿಂತ ಕೆಳಗೆ ಮೋಟಾರು ಜಾರಿ ಹೊಳೆ ಸೇರದ ಹಾಗೆ ಒಂದು ತಡೆ ಬೋಲ್ಟು ಬಿಗಿದೆ. ಮೂರು ಸಲ ಪರೀಕ್ಷೆ, ಮೂರೂ ಸಲ ಅದೇ ಗೆರೆ. ನನ್ನ ವಿದ್ಯಾರ್ಥಿಗಳಿಗೆ ಹೇಳುವ ಪ್ರಕಾರ ಇಷ್ಟಾದರೆ ನಂಬಬಹುದು.

ಮದುವೆಯ ಬೆಳಿಗ್ಗೆ ನಮ್ಮ ದಡದ ತಕ್ಕಡಿಯಲ್ಲಿ ದೊಡ್ಡಮ್ಮ ಕೂತರು. ಹಸಿರು ಸೀರೆ, ಅಬ್ಬಲಿಗೆಯ ದಂಡೆ, ಕೈತುಂಬ ಬಳೆ. ವೆಂಕಪ್ಪಣ್ಣ ಕನ್ನಡಕ ಏರಿಸಿ ಮುಳ್ಳು ನೋಡಿ, ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿ ಕೂಗಿದ: "ಇಪ್ಪತ್ತೊಂದು ಕಿಲೋ!" ದಡದಲ್ಲಿ ಕೇಕೆ ಎದ್ದಿತು. ಎಂಬತ್ತನಾಲ್ಕು ಕಿಲೋದ ದೊಡ್ಡಮ್ಮನನ್ನು ಅಪ್ಪ ಒಂದೇ ಕೈಯಲ್ಲಿ ಎತ್ತಿ ದೋಣಿಗೆ ದಾಟಿಸಿದರು. ಅವರು ಮೊದಲ ಸಲ ಮುಂದಿನ ಹಲಗೆಯಲ್ಲಿ ಕೂತರು. ಕೂತವರೇ ತಿರುಗಿ, "ಮುಂದೆ ಕೂತರೆ ಗಾಳಿ ಎಷ್ಟು ಚಂದ ಬರ್ತದಲ್ಲ! ಇಷ್ಟು ವರ್ಷ ಯಾರೂ ಹೇಳ್ಲಿಲ್ಲ," ಎಂದರು.

ಹೊರಟಾಗ ಉಬ್ಬರ ಮುಗಿದು ಇಳಿತ ಶುರುವಾಗಿತ್ತು. ಮೋಟಾರು ಗೆರೆಯಲ್ಲಿತ್ತು, ಫ್ಯಾನು ನೀರು ಕಚ್ಚಿತ್ತು, ಹಿಂದೆ ಬಿಳಿ ನೊರೆ ನೇರವಾಗಿ ಹಾಸಿತ್ತು. ನಾನು ಕೆಲಸ ಗೆದ್ದೆ ಎಂದುಕೊಂಡೆ. ಎಂದುಕೊಂಡದ್ದೇ ತಪ್ಪಾಯಿತು. ಕೂತಲ್ಲಿ ನನ್ನ ಮೈ ಅರಳೆಯ ಹಾಗಾಯಿತು, ಹಿಂದಿನ ಹಲಗೆ ಮೇಲೆದ್ದಿತು, ಫ್ಯಾನು ಹೊರಗೆ ಬಂದು ಕಿರುಚಿತು. ದೋಣಿ ನಿಂತಿತು. ನನಗೆ ಎದೆ ಧಸಕ್ಕೆಂದಿತು. ಒಡನೆ ಹಲಗೆ ಇಳಿಯಿತು, ಫ್ಯಾನು ಕಚ್ಚಿತು, ದೋಣಿ ಮುಂದಕ್ಕೆ ಹಾರಿತು. ಅಬ್ಬ ಎಂದುಕೊಂಡೆ. ಮತ್ತೆ ಎದ್ದಿತು, ಮತ್ತೆ ಕಿರುಚಿತು.

"ಇದೆಂತ ಮಂದಾ, ದೋಣಿಯಾ ಕಪ್ಪೆಯಾ?" ಎಂದ ವೆಂಕಪ್ಪಣ್ಣ. ದಿಬ್ಬಣವಿಡೀ ನಕ್ಕಿತು. ಅದರಿಂದ ದೋಣಿ ಇನ್ನೂ ಎರಡು ಬೆರಳು ಎದ್ದಿತು.

ಆಗ ಅರ್ಥವಾಯಿತು. ಪರೀಕ್ಷೆಯ ದಿನಗಳಲ್ಲಿ ದೋಣಿಯಲ್ಲಿದ್ದ ಎಲ್ಲರ ಮನಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದೆ, ಅಳೆಯುವವಳ ಮನಸ್ಸನ್ನು ಬಿಟ್ಟು. ಮೂರು ಪರೀಕ್ಷೆಯಲ್ಲೂ ನಾನು ಹಿಂದಿನ ಹಲಗೆಯಲ್ಲಿ ಚಿಂತೆಯಿಂದ ಕೂತಿದ್ದೆ. ಗೊತ್ತಿಲ್ಲದೆ ನಾನೇ ಭಾರದವಳಾಗಿದ್ದೆ. ಉಗುರುಬಣ್ಣದ ಗೆರೆ ನನ್ನ ಚಿಂತೆಗೆ ಸರಿಯಾಗಿತ್ತು, ದೊಡ್ಡಮ್ಮನ ಮದುವೆಗಲ್ಲ.

ಕಪ್ಪೆಯ ಹಾಗೆ ಹಾರುತ್ತಲೇ ದಾಟಿಬಿಡಬಹುದಿತ್ತೇನೋ. ಆದರೆ ಮೋಟಾರಿನ ಬದಿಯಿಂದ ಬೀಳುವ ಸಣ್ಣ ನೀರಿನ ಧಾರೆ ನಿಂತುಹೋಯಿತು. ಮೋಟಾರು ಹೊಳೆಯ ನೀರನ್ನೇ ಎಳೆದುಕೊಂಡು ತನ್ನನ್ನು ತಣಿಸಿಕೊಳ್ಳುತ್ತದೆ. ಕಾಲು ನೀರಿನ ಹೊರಗಿದ್ದರೆ ಎಳೆಯುವುದು ಏನನ್ನು? ಬಣ್ಣ ಸುಡುವ ವಾಸನೆ ಬರತೊಡಗಿತು. ಇಳಿತದ ಸೆಳೆತ ನಮ್ಮನ್ನು ಓರೆಯಾಗಿ ಅಳಿವೆಯ ಕಡೆಗೆ, ಹೊಳೆ ಕಡಲು ಸೇರುವಲ್ಲಿಗೆ ಒಯ್ಯುತ್ತಿತ್ತು. ಅಪ್ಪ ಹುಟ್ಟು ಹಾಕಲು ನೋಡಿದರು. ದೋಣಿ ಎಷ್ಟು ಎತ್ತರಕ್ಕೆ ತೇಲುತ್ತಿತ್ತೆಂದರೆ ಹುಟ್ಟಿನ ತುದಿ ಮಾತ್ರ ನೀರಿಗೆ ಮುಟ್ಟುತ್ತಿತ್ತು.

ಆಗ ದೊಡ್ಡಮ್ಮ ಎದ್ದರು. ಯಾರೂ ಏನೂ ಹೇಳಿರಲಿಲ್ಲ. ಜನರ ನಡುವೆ ದಾಟಿಕೊಂಡು ಹಿಂದಕ್ಕೆ ಬಂದು ತಮ್ಮ ಹಳೆಯ ಹಲಗೆಯಲ್ಲಿ ಕೂತರು. ಹಲಗೆ ಅಲುಗಲಿಲ್ಲ, ಹೂವು ಇಟ್ಟ ಹಾಗೆ.

"ಸ್ವಲ್ಪ ಹೊತ್ತು ಎಲ್ಲರೂ ಸುಮ್ಮನಿರಿ," ಎಂದು ಕಣ್ಣು ಮುಚ್ಚಿದರು.

ಅವರು ಯಾವುದನ್ನು ನೆನೆಯುತ್ತಿದ್ದಾರೆಂದು ಎಲ್ಲರಿಗೂ ಗೊತ್ತಿತ್ತು. ಹುಬ್ಬಿನ ನಡುವೆ ಆ ಹಳೆಯ ಗೆರೆ ಮೂಡಿತು. ನನ್ನ ತೊಡೆಯ ಪಕ್ಕದಲ್ಲಿ ಹಲಗೆ ಒಂದು ಬೆರಳು ಇಳಿಯಿತು, ಇನ್ನೊಂದು ಬೆರಳು ಇಳಿಯಿತು. ಫ್ಯಾನು ಕಚ್ಚಿತು. ದೋಣಿ ಮೊದಲಿನ ಎಲ್ಲ ಮದುವೆಗಳ ಹಾಗೆ ನೆಟ್ಟಗೆ ಹೊರಟಿತು. ದೊಡ್ಡಮ್ಮನ ಕೈಬಳೆಗಳು ಮೊಣಕೈಯಿಂದ ಜಾರಿ ಮಣಿಕಟ್ಟಿಗೆ ಬಿದ್ದವು.

ನಾನು ಮೋಟಾರನ್ನು ಆರಿಸಿದೆ.

"ಎಂತ ಮಾಡ್ತಿ!" ಎಂದು ವೆಂಕಪ್ಪಣ್ಣ ಕೂಗಿದ. "ಹೋಗ್ತಿತ್ತಲ್ಲ! ಅಳಿವೆ ಅಲ್ಲೇ ಕಾಣ್ತದೆ!"

"ದೊಡ್ಡಮ್ಮ, ಕಣ್ಣು ಬಿಡಿ," ಎಂದೆ. "ಬಿಡದಿದ್ದರೆ ಮೋಟಾರು ಶುರುಮಾಡುವುದಿಲ್ಲ. ಕಡಲಿಗೆ ಹೋದರೆ ಹೋಗೋಣ, ಎಲ್ಲರೂ ಹೋಗೋಣ."

ಅವರು ಕಣ್ಣು ಬಿಟ್ಟರು. ಒದ್ದೆಯಾಗಿದ್ದವು. "ಹಠ ಮಾಡ್ಬೇಡ ಮಗಾ. ನನಗೆ ಇದೇನು ಹೊಸತಾ?"

"ಹೊಸತಲ್ಲ, ಅದಕ್ಕೇ ಬೇಡ. ಈ ಒರಳಿನ ಹಿಡಿ ಹಿಡ್ಕೊಳ್ಳಿ. ನಾನು ಹೇಳಿದಾಗ ತಿರುಗಿಸಿ."

ಸ್ಪ್ಯಾನರ್ ತೆಗೆದುಕೊಂಡು ತಡೆ ಬೋಲ್ಟಿಗೆ ಹಾಕಿದೆ. ವೆಂಕಪ್ಪಣ್ಣನಿಗೆ ನನ್ನ ಯೋಚನೆ ತಿಳಿಯಿತು. ಹೆಗಲಿನ ಶಾಲು ತೆಗೆದು ಮೋಟಾರಿನ ಕುತ್ತಿಗೆಗೆ ಬಿಗಿದು ತುದಿಯನ್ನು ತನ್ನ ಸೊಂಟಕ್ಕೆ ಕಟ್ಟಿಕೊಂಡ. "ಬಿದ್ರೆ ನಾನೂ ಹೋಗ್ತೇನೆ. ಮಜ್ಜಿಗೆ ಕುಡಿದು ಕುಡಿದು ಸಾಕಾಗಿದೆ." ಬೋಲ್ಟು ಬಿಚ್ಚಿತು, ನನ್ನ ಎಣ್ಣೆ ಬೆರಳಿನಿಂದ ಜಾರಿ ಪುಳಕ್ಕೆಂದು ಹೊಳೆಗೆ ಬಿತ್ತು. ಇನ್ನು ಹಿಂದೆ ಸರಿಯುವಂತಿಲ್ಲ.

"ತಿರುಗಿಸಿ ದೊಡ್ಡಮ್ಮ. ಮೆಲ್ಲ."

"ಮೆಲ್ಲವೇ. ಶಾವಿಗೆ ತುಂಡಾಗಬಾರದಲ್ಲ," ಎಂದರು. ತಾವು ಹೇಳಿದ್ದಕ್ಕೆ ತಾವೇ ಕಿಸಕ್ಕೆಂದು ನಕ್ಕರು. ಹುಬ್ಬಿನ ಗೆರೆ ಎಲ್ಲಿ ಹೋಯಿತೋ ಕಾಣಲಿಲ್ಲ. ದಿಬ್ಬಣದಲ್ಲಿ ಒಬ್ಬರು, "ಅಕ್ಕ, ತೆಂಗಿನ ಹಾಲು ಉಂಟಾ?" ಎಂದರು. ದೋಣಿ ನಗುತ್ತ ನಗುತ್ತ ಏರಿತು, ಮೋಟಾರು ತಿರುಗುತ್ತ ತಿರುಗುತ್ತ ಇಳಿಯಿತು. ನಾನು ನೀರಿಗೆ ಮೊಣಕೈವರೆಗೆ ಕೈ ಹಾಕಿ ತಟ್ಟೆಯನ್ನು ಮುಟ್ಟಿ ನೋಡುತ್ತಿದ್ದೆ. ಅದು ನೀರ ಮೇಲಿತ್ತು, ನೀರ ಮಟ್ಟಕ್ಕೆ ಬಂತು, ಒಂದು ಬೆರಳು ಮುಳುಗಿತು, ಒಂದು ಗೇಣು ಮುಳುಗಿತು. ಸ್ಕ್ರೂವಿನಲ್ಲಿ ಉಳಿದದ್ದು ಕೆಲವೇ ಸುತ್ತು.

"ಸಾಕು!"

ಹಗ್ಗ ಎಳೆದೆ. ಎರಡನೆಯ ಎಳೆತಕ್ಕೆ ಮೋಟಾರು ಹತ್ತಿಕೊಂಡಿತು. ಕಿರುಚಲಿಲ್ಲ, ತುಂಬಿದ ಗಂಟಲಿನಲ್ಲಿ ಗುರುಗುಟ್ಟಿತು. ಬದಿಯ ಧಾರೆ ಮೊದಲು ತೊಟ್ಟಿಕ್ಕಿ ಆಮೇಲೆ ಕಮಾನಾಗಿ ಬಿತ್ತು. ಹಗುರಾದ ದೋಣಿಯನ್ನು ನೀರೊಳಗೆ ಆಳವಾಗಿ ಕಾಲೂರಿದ ಮೋಟಾರು ತಳ್ಳಿದರೆ ಹೇಗೆ ಹೋಗುತ್ತದೆಂದು ನಮ್ಮ ಊರಿನಲ್ಲಿ ಅಂದಿನವರೆಗೆ ಯಾರೂ ಕಂಡಿರಲಿಲ್ಲ. ಇಪ್ಪತ್ತೆರಡು ವರ್ಷ ಎಮ್ಮೆಯಾಗಿದ್ದದ್ದು ಬೆಳ್ಳಕ್ಕಿಯಾಯಿತು. ತಳ ನೀರಿಗೆ ತಾಗಿಯೂ ತಾಗದ ಹಾಗೆ ಹಾರಿತು. ಅಪ್ಪನ ಮುಂಡಾಸು ಹಾರಿಹೋಯಿತು, ಯಾರೂ ತಿರುಗಿ ನೋಡಲಿಲ್ಲ. ನನ್ನ ಖುಷಿ ಹೆಚ್ಚಾಗಿ ಫ್ಯಾನು ಮತ್ತೆ ಮೇಲೇಳಬಾರದೆಂದು ನಾನು ಲಾಗರಿತಮ್ ಕೋಷ್ಟಕವನ್ನು ಮನಸ್ಸಿನಲ್ಲೇ ಓದಿದೆ, ಉತ್ತರಪತ್ರಿಕೆಗಳ ರಾಶಿಯನ್ನು ನೆನೆದೆ, ಎಂ.ಎಸ್ಸಿ.ಯಲ್ಲಿ ಕೈಯಿಂದ ಬಿದ್ದು ಒಡೆದ ಪ್ರಿಸಮ್ಮನ್ನು ನೆನೆದೆ. ಯಾವುದಕ್ಕೂ ಬೇಸರ ಬರಲಿಲ್ಲ. ಬರಬೇಕಾಗಿಯೂ ಇರಲಿಲ್ಲ, ಫ್ಯಾನು ಅಷ್ಟು ಕೆಳಗಿತ್ತು.

ಕುದ್ರಿನ ಹತ್ತಿರ ಮೋಟಾರು ಆರಿಸಿ ಓರೆಮಾಡಿ ಎತ್ತಿದೆ. ದೋಣಿ ಬಂದ ರಭಸಕ್ಕೆ ಕಟ್ಟೆಯ ಮೂರು ಮೆಟ್ಟಿಲು ತಾನೇ ಹತ್ತಿ ನಿಂತಿತು. ವಾಲಗದವರು ಊದುವುದನ್ನು ನಿಲ್ಲಿಸಿ ಬಾಯಿ ತೆರೆದು ನೋಡಿದರು. ವೆಂಕಪ್ಪಣ್ಣ ಸೊಂಟದ ಶಾಲು ಬಿಚ್ಚಲು ಮರೆತು ಇಳಿಯಹೋಗಿ, ಮೋಟಾರು ಹಿಡಿದೆಳೆದು ಮತ್ತೆ ದೋಣಿಯಲ್ಲೇ ಕೂತ.

ತಕ್ಕಡಿಯ ಪಕ್ಕದಲ್ಲಿ ಸಂಜೀವಣ್ಣ ಪೇಟ ಕಟ್ಟಿ ನಿಂತಿದ್ದರು. ಮದುಮಗನೇ ಮದುಮಗಳನ್ನು ತೂಗುವುದು ಸರಿಯೇ ಎಂದು ಕುದ್ರಿನ ಹಿರಿಯರೊಬ್ಬರು ತಕರಾರು ತೆಗೆದರು. "ಬೇರೆಯವರ ಕೈಗೆ ಈ ತಕ್ಕಡಿ ನಾನು ಕೊಡುವುದಿಲ್ಲ," ಎಂದರು ಸಂಜೀವಣ್ಣ. "ಬೇಕಾದರೆ ಎಲ್ಲರೂ ಬಂದು ಮುಳ್ಳು ನೋಡಿ." ಎಲ್ಲರೂ ಬಂದರು. ನಾನೂ ನುಗ್ಗಿದೆ. ಹೊಳೆಯ ನಡುವೆ ಕಣ್ಣು ಮುಚ್ಚಿದ ಆ ಸ್ವಲ್ಪ ಹೊತ್ತಿನ ಬೇಸರ ದೊಡ್ಡಮ್ಮನ ಮೈಯಲ್ಲಿ ಎಷ್ಟು ಉಳಿದಿದೆಯೋ ಎಂದು ಲೆಕ್ಕ ಹಾಕುತ್ತಿದ್ದೆ. ಇಪ್ಪತ್ತೊಂದನ್ನು ಮೀರಬಾರದು.

ದೊಡ್ಡಮ್ಮ ತಕ್ಕಡಿಯ ಹಲಗೆಯ ಮೇಲೆ ಕೂತು ಸೆರಗು ಸರಿಮಾಡಿಕೊಂಡರು. ಕೈಗೆ ನನ್ನ ಮೋಟಾರಿನ ಎಣ್ಣೆ ಹತ್ತಿತ್ತು. ಅದನ್ನು ಸಂಜೀವಣ್ಣನಿಗೆ ತೋರಿಸಿ, "ನೋಡಿ, ಮದುವೆಯ ದಿನವೂ ಶಾವಿಗೆ ಒತ್ತಿಸಿದ್ರು," ಎಂದರು. ಸಂಜೀವಣ್ಣ ಮುಳ್ಳನ್ನು ನೋಡಿದರು. ನಿಲ್ಲಲಿ ಎಂದು ಕಾದರು. ಎರಡು ವರ್ಷ ದೊಡ್ಡಮ್ಮನ ವಿಷಯದಲ್ಲಿ ಸುಳ್ಳೇ ಕೂಗಿದ ಮನುಷ್ಯ, ಎರಡು ಸಲ ಉಸಿರು ತೆಗೆದುಕೊಂಡು, ಆಚೆ ದಡಕ್ಕೂ ಕೇಳುವ ಹಾಗೆ ನಿಜ ಕೂಗಿದರು.

ಸೀರೆ, ಬಳೆ, ಹೂವು, ಎಣ್ಣೆ ಎಲ್ಲ ಸೇರಿ ಹದಿನಾಲ್ಕು ಕಿಲೋ ಇನ್ನೂರು ಗ್ರಾಂ.